ಆರನೆಯ ಬಿಲ್ಲೆ

ತಾಯಣ್ಣ ಆರು ತಿಂಗಳಿಂದ ಉರಿಮೂತ್ರವನ್ನು ಮುಚ್ಚಿಟ್ಟದ್ದು ನಾಚಿಕೆಯಿಂದಲ್ಲ, ಹಂಪಯ್ಯನ ಭಯದಿಂದ. ದನದ ದವಾಖಾನೆಯಲ್ಲಿ ಕಂಪೌಂಡರಾಗಿದ್ದು ನಿವೃತ್ತನಾದ ಹಂಪಯ್ಯ ಈಗ ಓಣಿಯ ಜನಕ್ಕೆ ಸೂಜಿ ಚುಚ್ಚುತ್ತಿದ್ದ. ಎಮ್ಮೆಗೆ ಚುಚ್ಚಿ ಪಳಗಿದ ಕೈ ಮನುಷ್ಯರಿಗೆಂದು ಹಗುರಾಗಿರಲಿಲ್ಲ. ಅಕ್ಕಿ ಗಿರಣಿಯಲ್ಲಿ ಕ್ವಿಂಟಲ್ ಚೀಲ ಹೊರುವ ತಾಯಣ್ಣ ಸೂಜಿ ಕಂಡರೆ ಗಡಗಡ ನಡುಗುತ್ತಿದ್ದ.

ಉರಿ ಎದ್ದಾಗಲೆಲ್ಲ ಪಕ್ಕದ ಮನೆಯ ದಾವಲ್ ಬೀ ಗುಟ್ಟಾಗಿ ಗುಳಿಗೆ ಕೊಡುತ್ತಿದ್ದಳು. ಮಾನ್ವಿ ಊರಿನಲ್ಲಿದ್ದ ಅಳಿಯನ ಕುರು ವಾಸಿಯಾಗಿ ಉಳಿದವು ಅವು. ಎದುರು ಮನೆಯ ಶರಣಮ್ಮ ಕೊಟ್ಟವು ಸೊಸೆಯ ಕಿವಿ ಸೋರಿದಾಗಿನವು. ಎರಡು ನುಂಗಿದರೆ ಉರಿ ತಗ್ಗುತ್ತಿತ್ತು, ಮಿಕ್ಕದ್ದನ್ನು ತಾಯಣ್ಣ ಗೂಡಿನಲ್ಲಿ ಎತ್ತಿಡುತ್ತಿದ್ದ.

ಈ ಸಲ ಚಳಿಜ್ವರವೂ ಬಂತು. ಡಾಕ್ಟರು ಮೂತ್ರ ಪರೀಕ್ಷೆಗೆ ಬರೆದುಕೊಟ್ಟು, "ಕಿಡ್ನಿಗೆ ಏರಿದ್ರ ಜೀವಕ್ಕ ಕಷ್ಟ ಅದ" ಎಂದಿದ್ದರು. ಮೂತ್ರ ಕೊಟ್ಟು ಬಂದ ಮೂರನೆಯ ದಿನ ಫಲಿತಾಂಶ ಕೇಳಲು ತಾಯಣ್ಣ ದವಾಖಾನೆಯ ಲ್ಯಾಬಿಗೆ ಹೊರಟಾಗ ಇಬ್ಬರು ಹೆಂಗಸರೂ ಅದೇ ಆಟೋ ಹತ್ತಿದರು. ಯಾರ ಗುಳಿಗೆ ಮೇಲು ಎಂದು ದಾರಿಯುದ್ದಕ್ಕೂ ಜಗಳ.

ಲ್ಯಾಬಿನ ಅಮೀರ್ ಸಾಬ್ ಗಾಜಿನ ತಟ್ಟೆಯೊಂದನ್ನು ಬೆಳಕಿಗೆ ಹಿಡಿದ. ಅದರ ತುಂಬ ತಾಯಣ್ಣನ ಮೂತ್ರದಲ್ಲಿದ್ದ ರೋಗಾಣು ಹಾಲಿನ ಕೆನೆಯಂತೆ ಹರಡಿತ್ತು. ಮೇಲೆ ಆರು ಕಾಗದದ ಬಿಲ್ಲೆ, ಒಂದೊಂದರಲ್ಲೂ ಒಂದೊಂದು ಔಷಧ.

"ಔಷಧಕ್ಕ ಹುಳ ಸತ್ತಿದ್ರ ಬಿಲ್ಲಿ ಸುತ್ತ ಬಯಲಾಗತದ."

"ನನ್ನ ಗುಳಿಗಿ ಯಾವ್ದು, ಭಾಯ್?" ಎಂದಳು ದಾವಲ್ ಬೀ, ಗುಳಿಗೆಯ ಪಟ್ಟಿಯನ್ನು ಮುಂದೆ ಹಿಡಿದು.

"ಇದು. ಸುತ್ತ ಹುಲುಸಾಗಿ ಬೆಳದಾವ ನೋಡ್ರಿ."

ಶರಣಮ್ಮ ನಕ್ಕು ತನ್ನ ಪಟ್ಟಿ ಚಾಚಿದಳು. ಅವಳ ಔಷಧದ ಬಿಲ್ಲೆಯ ಸುತ್ತಲೂ ಅದೇ ಕೆನೆ.

"ಎರಡೆರಡು ನುಂಗಿ ಬಿಟ್ರ ಗಟ್ಟಿ ಹುಳ ಉಳದು ಮರಿ ಹಾಕ್ತಾವ," ಎಂದ ಅಮೀರ್ ಸಾಬ್, ಬೆರಳನ್ನು ಮುಂದೆ ಸರಿಸುತ್ತ. ಮೂರನೆಯದೂ ಸೋತಿತ್ತು, ನಾಲ್ಕು, ಐದೂ. ತಾಯಣ್ಣನಿಗೆ ತನ್ನ ಮೂವರು ಮಕ್ಕಳ ಮುಖ ಕಣ್ಣ ಮುಂದೆ ಬಂತು.

ಆರನೆಯ ಬಿಲ್ಲೆಯ ಸುತ್ತ ಮಾತ್ರ ಅಗಲವಾದ ಬಯಲು.

ತಾಯಣ್ಣ ಕೈಮುಗಿದ. "ದಿನಕ್ಕ ಎಷ್ಟು ನುಂಗ್ಲಿ, ಸಾಬ್? ಈ ಸಲ ಒಂದೂ ಬಿಡಂಗಿಲ್ಲ."

"ಇದು ನುಂಗೋದಲ್ರಿ, ಚುಚ್ಚೋದು. ದಿನಕ್ಕೆರಡು, ಏಳು ದಿನ."

ತಾಯಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಇದೇ ದವಾಖಾನೆಯ ನರ್ಸಮ್ಮನ ಕೈ ಹಗುರವೆಂದು ಯಾರೋ ಹೇಳಿದ್ದು ನೆನಪಾಗಿ, "ಇಲ್ಲಿಗೇ ಬಂದು ಹಾಕಿಸ್ಕೋತೀನಿ" ಎಂದ.

"ದಿನಾ ಎರಡು ಸಲ ಇಲ್ಲೀತನಕ ಯಾಕ? ಓಣ್ಯಾಗ ಹಂಪಯ್ಯ ಅದಾನಲ್ಲ," ಎಂದರು ಹೆಂಗಸರಿಬ್ಬರೂ. ಆ ದಿನ ಅವರು ಒಪ್ಪಿದ್ದು ಅದೊಂದೇ ಮಾತು.

ಮನೆಯಲ್ಲಿ ಒಲೆಯ ಮೇಲಿನ ನೀರಿನಲ್ಲಿ ಹಂಪಯ್ಯನ ಸೂಜಿ ಕುದಿಯಿತು. ಒಂದು ತೋಳನ್ನು ದಾವಲ್ ಬೀ, ಇನ್ನೊಂದನ್ನು ಶರಣಮ್ಮ ಬಿಗಿಯಾಗಿ ಹಿಡಿದರು.

"ಅಂಜಬ್ಯಾಡ ತಾಯಣ್ಣ," ಹಂಪಯ್ಯ ಸೂಜಿಯನ್ನು ಮೇಲೆತ್ತಿ ನೋಡುತ್ತ ಹೇಳಿದ. "ಮೂವತ್ತು ವರ್ಷದಾಗ ನನ್ನ ಕೈಯಾಗಿಂದ ಒಂದು ಎಮ್ಮಿನೂ ತಪ್ಪಿಸ್ಕೊಂಡು ಹೋಗಿಲ್ಲ."