ಒಲೆ ಕಾಯುವವರಿಲ್ಲದ ಸೂರ್ಯ

ನಕ್ಷತ್ರಗಳ ಪಾಠ ಹೇಳಿ ಬದುಕುವವಳಿಗೆ ನಗುವಿಗೆ ಬರವಿಲ್ಲ. ಭಗವಂತ ಸೂರ್ಯನನ್ನು ಅಷ್ಟೆತ್ತರದಲ್ಲಿಟ್ಟು, ಅವನ ವಿಷಯ ವಿವರಿಸುವ ಕೆಲಸವನ್ನು ಶಿಡ್ಲಘಟ್ಟದಲ್ಲಿ ನನ್ನ ತಲೆಗೆ ಕಟ್ಟಿದ್ದಾನೆ. ನಗು ಹುಟ್ಟದೆ ಇನ್ನೇನಾದೀತು?

ಈ ಸಲದ್ದೆಲ್ಲ ಪಕ್ಕದ ಮನೆಯವರಿಂದ ಆದದ್ದು. ಆ ಮನೆಯ ಯಜಮಾನರು ಹಿತ್ತಿಲಲ್ಲೇ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುತ್ತಾರೆ. ಅವರ ಮಗಳು ಬಿ.ಎಸ್ಸಿ. ಕೊನೆಯ ವರ್ಷ, ನನ್ನದೇ ವಿದ್ಯಾರ್ಥಿನಿ. ಎಂ.ಎಸ್ಸಿ. ಭೌತಶಾಸ್ತ್ರ ಓದಬೇಕೆಂದು ಅವಳ ಆಸೆ. ಅರ್ಜಿಗೆ ಶನಿವಾರ ಕಡೆಯ ದಿನ. ಅಪ್ಪನದು ಒಂದೇ ಮಾತು: "ದಿನಾ ತಾನಾಗೇ ಬರೋ ಸೂರ್ಯನ ಬಗ್ಗೆ ಇನ್ನೂ ಎರಡು ವರ್ಷ ಓದೋದಕ್ಕೆ ಏನಮ್ಮ ಐತೆ?"

ಒಂದು ಚೊಂಬು ನೀರು

ಸೋಮವಾರ ಬೆಳಿಗ್ಗೆ ತಾರಸಿಯ ಮೇಲೆ ಸೂರ್ಯನಿಗೆ ಅರ್ಘ್ಯ ಕೊಡುತ್ತಿದ್ದೆ. ಹುಡುಗಿಯ ತಾಯಿ ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಾ ಕೇಳಿದರು, "ಮೇಡಮ್ಮನೋರೇ, ಸೂರ್ಯ ಅಂದ್ರೆ ಬೆಂಕಿ ಉಂಡೆ ಅಂತ ನಮ್ಮ ಹುಡುಗಿಗೆ ಪಾಠ ಮಾಡ್ತೀರಿ. ನೀವೇ ನೀರು ಹುಯ್ತೀರಿ. ಆರಿ ಹೋದ್ರೆ?"

"ಆರಲ್ಲಮ್ಮ. ನಮ್ಮ ಒಲೆಗೆ ಗಾಳಿ ಬೇಕು, ಸೌದೆ ಬೇಕು. ಅವನೊಳಗೆ ಉರಿಯೋದು ಆ ಥರದ ಬೆಂಕಿ ಅಲ್ಲ. ಅಲ್ಲಿ ಹೈಡ್ರೋಜನ್ನೇ ಉರುವಲು, ನೀರಿನಲ್ಲೂ ಅದೇ ಇದೆ. ನಿಜವಾಗಿ ಅವನಷ್ಟೇ ದೊಡ್ಡ ಸಮುದ್ರ ತಗೊಂಡು ಹೋಗಿ ಹುಯ್ದರೆ ಅವನ ತೂಕ ಹೆಚ್ಚುತ್ತೆ, ಒಳಗೆ ಒತ್ತಡ ಹೆಚ್ಚುತ್ತೆ, ಇನ್ನೂ ಜೋರಾಗಿ ಉರೀತಾನೆ."

ಹೇಳುತ್ತಾ ನನಗೇ ಮೈ ಜುಮ್ಮೆಂದಿತು. ನೀರು ಹಾಕಿದರೆ ಹೆಚ್ಚುವ ಬೆಂಕಿ! ಕಣ್ಣು ಮುಚ್ಚಿ ಕೈಮುಗಿದೆ.

ಕಣ್ಣು ಬಿಟ್ಟಾಗ ಆಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಓ, ಅದಕ್ಕೇನಾ ಈ ವರ್ಷ ಈ ಪಾಟಿ ಬಿಸಿಲು! ನಾಳೆಯಿಂದ ಅರ್ಧ ಚೊಂಬು ಹಾಕಿ ತಾಯಿ, ಪುಣ್ಯ ಬರ್ತದೆ."

ಟೀ ಲೋಟ

ಬುಧವಾರ ಹುಡುಗಿಯ ಸೆಮಿನಾರು. ಅವಳು ಆರಿಸಿಕೊಂಡಿದ್ದ ವಿಷಯ: ಶಾಖ ಕಳೆದುಕೊಂಡ ನಕ್ಷತ್ರ ತಣ್ಣಗಾಗದೆ ಇನ್ನಷ್ಟು ಬಿಸಿಯಾಗುವುದು ಹೇಗೆ?

ಮುಂದಿನ ಸಾಲಿನಲ್ಲಿ ಕೂತಿದ್ದ ಕೆಮಿಸ್ಟ್ರಿ ಮೇಷ್ಟ್ರು ತಮ್ಮ ಟೀಯನ್ನು ಮೇಜಿನ ಮೇಲಿಟ್ಟರು. "ನೋಡಮ್ಮ, ಇದು ಶಾಖ ಕಳ್ಕೊಳ್ತಾ ಇದೆ. ಬಿಸಿಯಾಗಲಿ, ಕುಡೀತೀನಿ."

ಹುಡುಗಿ ಹೆದರಲಿಲ್ಲ. "ಸಾರ್, ನಿಮ್ಮ ಟೀಯನ್ನ ಲೋಟ ಹಿಡ್ಕೊಂಡಿದೆ. ನಕ್ಷತ್ರಕ್ಕೆ ಲೋಟ ಇಲ್ಲ. ಅದರ ತೂಕವೇ ಅದನ್ನ ಒಳಕ್ಕೆ ಎಳೆಯುತ್ತೆ, ಒಳಗಿನ ಬಿಸಿಯೇ ಹೊರಕ್ಕೆ ತಳ್ಳುತ್ತೆ. ಶಾಖ ಹೊರಗೆ ಹೋದಷ್ಟೂ ನಕ್ಷತ್ರ ಕುಗ್ಗುತ್ತೆ. ಕುಗ್ಗಿದಾಗ ಹುಟ್ಟುವ ಶಕ್ತಿಯಲ್ಲಿ ಅರ್ಧ ಬೆಳಕಾಗಿ ಹೋಗುತ್ತೆ, ಇನ್ನರ್ಧ ಒಳಗೇ ಉಳಿದು ಬಿಸಿ ಏರಿಸುತ್ತೆ."

ಕೊಟ್ಟಷ್ಟೂ ಬೆಳಗುವುದು ಅಂದರೆ ಇದೇ ತಾನೇ ಎಂದು ನನ್ನ ಕಣ್ಣು ಒದ್ದೆಯಾಯಿತು. ಮೇಷ್ಟ್ರು ತಣ್ಣಗಿನ ಟೀ ಎತ್ತಿಕೊಂಡು ನೆಟ್ಟಗೆ ಕ್ಯಾಂಟೀನಿಗೆ ಹೋಗಿ ಟೀ ಮಾಡುವವನಿಗೆ ಹೇಳಿದರಂತೆ, "ನಿನ್ನ ಟೀ ಸರಿಯಾಗೇ ಇದೆ ಕಣಯ್ಯ, ತಪ್ಪೆಲ್ಲ ಲೋಟದ್ದು. ಬೇರೆ ಲೋಟದಲ್ಲಿ ಬಿಸಿಯಾಗಿ ಕೊಡು!"

ಬಾಯ್ಲರ್

ಶುಕ್ರವಾರ ಸಂಜೆಯಾದರೂ ಅಪ್ಪನ ಸಹಿ ಬಿದ್ದಿರಲಿಲ್ಲ. ಹುಡುಗಿ ಅರ್ಜಿ ಹಿಡಿದು, "ಮೇಡಂ, ನೀವೊಂದು ಮಾತು ಹೇಳಿ" ಎಂದಳು. ದೇವರಿಗೆ ದೀಪ ಹಚ್ಚಿ ಅವಳ ಜೊತೆ ಹಿತ್ತಿಲಿಗೆ ಹೋದೆ.

ರೇಷ್ಮೆಗೂಡು ಬೇಯುವ ವಾಸನೆ, ಹಬೆ. ಯಜಮಾನರು ಬಾಯ್ಲರಿನ ಮುಂದೆ ಕೂತು ಸೌದೆ ತಳ್ಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದರು, "ನೋಡಿ ಮೇಡಮ್ಮ, ಉರಿ ಜಾಸ್ತಿಯಾದ್ರೆ ಗೂಡು ಕರಗಿ ಎಳೆ ಕಿತ್ಕೊಂಡು ಬರ್ತದೆ, ಕಮ್ಮಿಯಾದ್ರೆ ಬಿಚ್ಚೋದೇ ಇಲ್ಲ. ಇಪ್ಪತ್ತು ವರ್ಷದಿಂದ ಈ ಒಲೆ ಬಿಟ್ಟು ನಾನು ಎದ್ದಿಲ್ಲ. ನಿಮ್ಮ ಸೂರ್ಯನ ಒಲೆ ಯಾರು ಕಾಯ್ತಾರೆ?"

ನಾನು ಹುಡುಗಿಯ ಮುಖ ನೋಡಿದೆ. ಇದು ಅವಳೇ ಹೇಳಬೇಕಾದ ಮಾತು.

"ಯಾರೂ ಇಲ್ಲಪ್ಪ. ಒಳಗೆ ಉರಿ ಜಾಸ್ತಿಯಾದ್ರೆ ಅವನು ಉಬ್ತಾನೆ, ಉಬ್ಬಿದ್ರೆ ಒಳಗೆ ತಣ್ಣಗಾಗಿ ಉರಿ ಇಳೀತದೆ. ಉರಿ ಕಮ್ಮಿಯಾದ್ರೆ ಕುಗ್ತಾನೆ, ಕುಗ್ಗಿದ್ರೆ ಬಿಸಿಯಾಗಿ ಉರಿ ಏರ್ತದೆ. ತನ್ನ ಒಲೆ ತಾನೇ ನೋಡ್ಕೊಳ್ತಾನೆ."

ಯಜಮಾನರ ಕೈಯಲ್ಲಿದ್ದ ಸೌದೆ ಕೈಯಲ್ಲೇ ನಿಂತಿತು. "ಸೇಫ್ಟಿ ವಾಲ್ವು?"

"ಇಲ್ಲ."

"ಬಾಯ್ಲರ್ ಇನ್ಸ್‌ಪೆಕ್ಟರು?"

"ಯಾರೂ ಇಲ್ಲಪ್ಪ. ಒಳಗೆ ಹುಟ್ಟಿದ ಶಾಖ ಮೇಲೆ ಬರೋದಕ್ಕೇ ಸಾವಿರಾರು ವರ್ಷ ಬೇಕು. ಇವತ್ತು ನಮ್ಮ ಛಾವಣಿ ಶೀಟಿನ ಮೇಲೆ ಬಿದ್ದ ಬಿಸಿಲಿನ ಶಾಖ ಅಲ್ಲಿ ಹುಟ್ಟಿದಾಗ ಮನುಷ್ಯರು ರೇಷ್ಮೆ ಹುಳ ಸಾಕೋದನ್ನೇ ಕಲಿತಿರಲಿಲ್ಲ."

"ದೇವುಡಾ! ಅಷ್ಟು ಹಳೇ ಮಾಲು, ಒಂಚೂರೂ ಕೆಟ್ಟಿಲ್ವಲ್ಲೇ!" ಎಂದು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಲೆ ಬಿಟ್ಟು ಎದ್ದರು. ಅಂಗಳಕ್ಕೆ ಬಂದು, ಮುಳುಗುತ್ತಿದ್ದ ಸೂರ್ಯನ ಕಡೆ ತಿರುಗಿ ನಿಂತರು. ಕೆಂಪಗೆ, ತುಂಬಿ, ಯಾರ ಹಂಗೂ ಇಲ್ಲದೆ ಇಳಿಯುತ್ತಿದ್ದ. ಮಗಳು ಅಪ್ಪನ ಪಕ್ಕ ಬಂದು ನಿಂತಳು. ಈ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ದೇವರ ಮುಂದೆ ನಿಂತ ಹಾಗೆ ಅನ್ನಿಸಿದ್ದು ಅವತ್ತೇ.

ಒಳಗಿನಿಂದ ಆಯಮ್ಮನ ಕೂಗು ಬಂತು. "ಏನ್ರೀ, ಆ ಸೂರ್ಯ ತನ್ನ ಒಲೆ ತಾನು ನೋಡ್ಕೊಳ್ತಾನೆ. ನಮ್ಮ ಗೂಡು ಗಂಜಿಯಾಗ್ತಾ ಐತೆ, ಬನ್ರೀ!"

ಆದರೂ ಅವರು ಹೋಗಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು, "ಕೊಡಮ್ಮ ಅರ್ಜಿ" ಎಂದು ಮಗಳ ಬೆನ್ನಿನ ಮೇಲೇ ಕಾಗದ ಇಟ್ಟು ಸಹಿ ಹಾಕಿದರು. ಹುಡುಗಿ ಅಳುತ್ತಾ ನಗುತ್ತಿದ್ದಳು.

"ಒಂದೇ ಷರತ್ತು. ಓದಿ ಬಂದು ನಮ್ಮ ಬಾಯ್ಲರನ್ನೂ ಹಂಗೇ ಮಾಡಿಕೊಡಬೇಕು. ಸೌದೆ ಬೇಡ, ಕಾಯೋದು ಬೇಡ."

"ಸೂರ್ಯನ ಒಲೆ ಅವನ ತೂಕದಿಂದಲೇ ನಡೆಯೋದಪ್ಪ. ನಮ್ಮ ಬಾಯ್ಲರು ಸೂರ್ಯನಷ್ಟು ದಪ್ಪ ಇರಬೇಕಾಗ್ತದೆ" ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತಾ.

ಅವರು ಹಿತ್ತಿಲನ್ನು ಒಂದು ಸಲ ಕಣ್ಣಲ್ಲೇ ಅಳೆದರು. ಆಮೇಲೆ ಕಾಂಪೌಂಡಿನಾಚೆ ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಮೇಡಮ್ಮನೋರೇ, ನಿಮ್ಮ ಮನೆ ಆ ಕಡೆಗಿರೋ ಖಾಲಿ ಸೈಟು ಯಾರ್ದು?"