ಬೀಗರ ಊರಿನ ಎದುರು ಬಾಸ್ಕೆಟ್‌ಬಾಲ್

ನಮ್ಮ ಕಡೆ ಹೊರಗಿನಿಂದ ಏನೇ ಹೊಸದು ಬರಲಿ, ಬಂದ ವಾರದೊಳಗೆ ಅದು ನಮ್ಮ ಮನೆತನದ ಪದ್ಧತಿ ಕಲಿತು, ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂತುಬಿಡುತ್ತದೆ. ಬಾಸ್ಕೆಟ್‌ಬಾಲ್ ಲೀಗ್ ಬಂದಾಗಲೂ ಹಾಗೇ ಆಯಿತು. ಆಗಿದ್ದೆಲ್ಲ ನಗುವಂಥದ್ದೇ. ಕೇಳಿದವರು ಹೊಟ್ಟೆ ಹಿಡಿದು ನಗುತ್ತಾರೆ. ಹೇಳುವ ನನಗೆ ಮಾತ್ರ ಪೂರಾ ನಗು ಬರುವುದಿಲ್ಲ.

ಗಿಡ್ಡಾದ ಆಟಗಾರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಹೀಗೆ ನಾಲ್ಕು ತಾಲ್ಲೂಕಿಗೆ ನಾಲ್ಕು ತಂಡ. ಆಟಗಾರರೆಲ್ಲ ಪಗಾರಕ್ಕೆ ಬಂದ ಪರಊರಿನವರು. ಪ್ರತಿ ತಂಡವೂ ಉಳಿದ ಮೂರು ತಂಡಗಳ ಜೊತೆ ಎರಡೆರಡು ಸಲ ಆಡಬೇಕು. ಒಮ್ಮೆ ತನ್ನ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಕಡೆಗೆ ಮೇಲಿನ ಎರಡು ತಂಡಗಳಿಗೆ ಫೈನಲ್.

ನಮ್ಮ ಬೀಳಗಿ ತಂಡದ ಮಾಲೀಕರು ಒಬ್ಬ ಸಾಹುಕಾರರು. ಒಂದು ದಿನ ಬೆಳಿಗ್ಗೆ ನಾನು ಪೂಜೆ ಮುಗಿಸಿ ಏಳುವ ತನಕ ಕಟ್ಟೆಯ ಮೇಲೆ ಕಾದು ಕೂತಿದ್ದರು.

“ಕಾಕಾ, ಆಟ ಕಲಸಾಕ ಕೋಚ್ ಅದಾನ. ಹುಡುಗರ ಊಟಾ-ಉಪಚಾರ ನೋಡಾಕ ಒಬ್ಬ ದೊಡ್ಡ ಮನಶ್ಯಾ ಬೇಕು. ನೀವ ಮ್ಯಾನೇಜರ್ ಆಗ್ರಿ.”

“ಸಾಹುಕಾರ್ರ, ನಾ ಆ ಆಟಾನ ಕಣ್ಣೀಲೆ ಕಂಡಿಲ್ಲ.”

“ಛಲೋ ಆತಲ್ರಿ. ಕಂಡಾವ ಆದ್ರ ಕೋಚ್ ಜೋಡಿ ಜಗಳಾ ತಗೀತಾನ. ಆದ್ರ ಒಂದ ಮಾತು. ಈ ಸಲ ಕಪ್ ಬರಲಿಲ್ಲಂದ್ರ ನಾ ತಂಡಾ ಮಾರಾಂವ. ದೂರದ ಊರಿನವರೊಬ್ರು ಕೇಳಾಕತ್ತಾರ. ಹುಡುಗರ ಸಮೇತ ಕರಕೊಂಡ ಹೋಗ್ತಾರ.”

ಮಾರಿದರೆ ಮಾರಲಿ, ನನಗೇನು ಎಂದುಕೊಂಡು ಹೂಂ ಅಂದೆ. ಆ ಒಂದಕ್ಷರವನ್ನು ಅಷ್ಟು ಹಗುರಾಗಿ ಹೇಳಬಾರದಿತ್ತು. ಯಾಕೆಂದರೆ ಹುಡುಗರು ನಮ್ಮ ಮನೆಯ ಪಡಸಾಲೆಯಲ್ಲೇ ಬಂದು ಇಳಿದರು. ಅದರಲ್ಲಿ ಒಬ್ಬ ಪಂಜಾಬಿನವನು, ನಮ್ಮ ಬಾಗಿಲಿಗಿಂತ ಉದ್ದ. ಮೊದಲ ದಿನವೇ ದೇವರ ಮನೆಯ ಚೌಕಟ್ಟಿಗೆ ಠಪ್ಪನೆ ಹಣೆ ಬಡಿದುಕೊಂಡ. ನಮ್ಮ ಮನೆಯವರು ಒಳಗಿನಿಂದ ಓಡಿ ಬಂದು ನೋಡಿ, “ಎಷ್ಟ ಭಕ್ತಿ ನೋಡ್ರಿ, ಹಣಿ ಹಚ್ಚೇ ನಮಸ್ಕಾರ ಮಾಡಿದ!” ಅಂದರು. ಅರಿಷಿಣ ಹಚ್ಚಿದರು. ಅಂದಿನಿಂದ ಅವರನ್ನು ಆತ ಅವ್ವಾ ಎಂದು ಕರೆಯತೊಡಗಿದ. ನನಗೆ ತಂಡ ಮಾರುವ ಮಾತು ನೆನಪಾದಾಗಲೆಲ್ಲ ಪಡಸಾಲೆಗೆ ಹೋಗಿ ಹುಡುಗರನ್ನು ಎಣಿಸಿ ಬರತೊಡಗಿದೆ.

ಆತ ಬಲು ಬೇಗ ಎಲ್ಲ ಬಾಗಿಲಿಗೂ ಬಾಗುವುದನ್ನು ಕಲಿತ. ಎಷ್ಟು ಕಲಿತನೆಂದರೆ ಬಯಲಲ್ಲೂ ಬಾಗಿಯೇ ನಡೆಯುತ್ತಿದ್ದ. ಕೋಚ್ ಬಂದು ನನ್ನ ಮೇಲೆ ರೇಗಿದ:

“ಉದ್ದ ಅದಾನಂತ ಪಂಜಾಬಿನಿಂದ ತಂದೀವ್ರಿ ಇವನ್ನ. ನೀವು ಗಿಡ್ಡ ಮಾಡಿ ಕಳಸಾಕತ್ತೀರಿ!”

ಬಂದವರು ಮೊದಲು

ನಮ್ಮೂರಿನ ಮೊದಲ ಪಂದ್ಯ ಮುಧೋಳದ ಮೇಲೆ. ಮುಧೋಳದ ಮ್ಯಾನೇಜರ್ ಯಾರು ಅಂದರೆ ನಮ್ಮ ಬೀಗರು, ನಾವು ಮಗಳನ್ನು ಕೊಟ್ಟ ಮನೆಯವರು. ಅವರೂ ನನ್ನ ಹಾಗೆ ಪೂಜೆ-ಪುನಸ್ಕಾರದ ಮನುಷ್ಯ, ಅವರೂ ನನ್ನ ಹಾಗೆ ಆಟ ಗೊತ್ತಿಲ್ಲದವರು.

ಪಂದ್ಯ ಸಂಜೆಗೆ. ಅವರ ತಂಡ ಮಧ್ಯಾಹ್ನಕ್ಕೇ ಬಂದಿಳಿಯಿತು. ಮನೆಗೆ ಬಂದವರು, ಅದರಲ್ಲೂ ಬೀಗರ ಊರಿನವರು. ಹೋಳಿಗೆ, ತುಪ್ಪ, ಎಣಗಾಯಿ, ರೊಟ್ಟಿ ಎಲ್ಲ ಮಾಡಿಸಿದ್ದೆ. ಅವರನ್ನು ಪಂಕ್ತಿಯಲ್ಲಿ ಕೂಡಿಸಿದ್ದಾಯಿತು. ಬಡಿಸುವವರು ಯಾರು? ಮನೆಯ ಹುಡುಗರೇ ಬಡಿಸಬೇಕು. ಮನೆಯ ಹುಡುಗರೆಂದರೆ ನಮ್ಮ ಆಟಗಾರರು. “ಒಂದ ಹೋಳಗಿ ರೀ, ಒಂದs ಒಂದು” ಎಂದು ಬಲವಂತ ಮಾಡುವುದನ್ನು ಪಂಜಾಬಿ ಹುಡುಗ ಆವತ್ತೇ ಕಲಿತ. ಅವನು ಅಷ್ಟು ಎತ್ತರದಿಂದ ಬಾಗಿ ಹೋಳಿಗೆ ಇಟ್ಟರೆ ಬೇಡ ಅನ್ನಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

ಮುಧೋಳದವರು ಉಂಡು, ಎಲೆ-ಅಡಿಕೆ ಹಾಕಿಕೊಂಡು, ಫ್ಯಾನಿನ ಕೆಳಗೆ ಚೆಂದಾಗಿ ನಿದ್ದೆ ಹೊಡೆದರು. ಆಮೇಲೆ ಊರ ಹಿರಿಯರ ಪಂಕ್ತಿ. ಎಲ್ಲಕ್ಕೂ ಕಡೆಗೆ ನಮ್ಮ ಹುಡುಗರು ಊಟಕ್ಕೆ ಕೂತರು. ಹಸಿದವರು ಹೊಟ್ಟೆ ಬಿರಿಯುವಂತೆ ಉಂಡರು, ಕೈ ತೊಳೆದರು, ನೆಟ್ಟಗೆ ಅಂಕಣಕ್ಕೆ ಹೋದರು.

ಮುಧೋಳದವರು ತಮ್ಮೂರ ಬೇಟೆ ನಾಯಿಗಳ ಹಾಗೆ ಓಡಿದರು. ನಮ್ಮವರು ಕಬ್ಬು ಹೇರಿದ ಟ್ರ್ಯಾಕ್ಟರ್ ಏರು ಹತ್ತಿದ ಹಾಗೆ ಓಡಿದರು. ಸೋತೆವು.

“ಜಗತ್ತಿನ್ಯಾಗ ಯಾವ ಲೀಗ್ ನೋಡ್ರಿ, ಸ್ವಂತ ಊರಾಗ ಆಡೋರಿಗೆ ಲಾಭ,” ಎಂದು ಕೋಚ್ ಮನೆಗೆ ಬಂದು ತಲೆ ಚಚ್ಚಿಕೊಂಡ. “ಮುಂದಿನ ಸಲ ನಮ್ಮ ಹುಡುಗರಿಗೆ ಮೊದಲ ಹಾಕ್ರಿ.”

“ಬೀಗರನ್ನ ಕಾಯಿಸಿ ನಾವ ಉಣ್ಣೋದೇನಪಾ?”

“ಹಂಗಾದ್ರ ಊಟಾನ ಹಾಕಬ್ಯಾಡ್ರಿ!”

ಒಳಗಿನಿಂದ ನಮ್ಮ ಮನೆಯವರು ಸೌಟು ಹಿಡಿದೇ ಹೊರಗೆ ಬಂದರು. “ಯಾರಪಾ ಅಂದಾವ, ಊಟಾ ಹಾಕಬ್ಯಾಡಂತ?”

ಕೋಚ್ ಎದ್ದು ನಿಂತು ಕೈ ಮುಗಿದ. “ಏನಿಲ್ರಿ ಅವ್ವಾರ, ಸಾರು ಭಾಳ ಛಲೋ ಆಗಿತ್ತು ಅಂದೆ.”

ಆಮೇಲೆ ನಾವು ಜಮಖಂಡಿಗೆ ಹೋದೆವು. ಅವರು ನಮಗೆ ಮೊದಲು ಬಡಿಸಿದರು, ನಾವು ಗೆದ್ದೆವು. ಜಮಖಂಡಿಯವರು ಮುಧೋಳಕ್ಕೆ ಹೋದರು, ಉಂಡರು, ಗೆದ್ದರು. ಲೀಗಿನಲ್ಲಿ ಯಾರೂ ತಮ್ಮ ಊರಲ್ಲಿ ಗೆಲ್ಲುವಂತಿರಲಿಲ್ಲ. ಕೋಚ್‌ಗಳೆಲ್ಲ ಪುಸ್ತಕ ತೆಗೆದು ಕಾರಣ ಹುಡುಕುತ್ತಿದ್ದರು. ಕಾರಣ ಅಡುಗೆಮನೆಯಲ್ಲಿತ್ತು.

ಎದೆಗೊಂದು ಊರು, ಬೆನ್ನಿಗೊಂದು ಊರು

ಪರಊರಿಗೆ ಹೋಗಿ, ಮೊದಲು ಉಂಡು, ಆಮೇಲೂ ಸೋತವರೆಂದರೆ ರಬಕವಿ-ಬನಹಟ್ಟಿಯವರು ಮಾತ್ರ. ಅವರದು ಎರಡು ಊರಿಗೆ ಒಂದೇ ತಂಡ. ನೇಕಾರರ ಊರು, ಅಂಗಿ ಬಲು ಚೆಂದ ಮಾಡಿಸಿದ್ದರು. ಎದೆಯ ಮೇಲೆ ರಬಕವಿ, ಬೆನ್ನ ಮೇಲೆ ಬನಹಟ್ಟಿ ಎಂದು ಬರೆಸಿದ್ದರು. ಫೋಟೋ ಬಂದ ದಿನ ಬನಹಟ್ಟಿಯವರು ಎದ್ದರು.

“ಫೋಟೋದಾಗ ಬರೇ ರಬಕವಿ ಕಾಣತೈತಿ. ನಾವೇನು ಬೆನ್ನಿಗೆ ಬಿದ್ದಾವರಾ?”

ಹಿರಿಯರು ಕೂತು ನ್ಯಾಯ ಮಾಡಿದರು. ಮೊದಲರ್ಧ ರಬಕವಿ ಮುಂದೆ. ಎರಡನೇ ಅರ್ಧ ಅಂಗಿ ಹಿಂದುಮುಂದು ಮಾಡಿ ಹಾಕಿಕೊಂಡು ಬನಹಟ್ಟಿ ಮುಂದೆ. ಯಾರಿಗೂ ಅನ್ಯಾಯವಿಲ್ಲ. ಆದರೆ ಹಿಂದುಮುಂದಾದ ಅಂಗಿ ಕುತ್ತಿಗೆ ಹಿಡಿಯುತ್ತಿತ್ತು. ಕೈ ಎತ್ತಿ ಚೆಂಡು ಎಸೆಯಲು ಹೋದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಪಂದ್ಯದಲ್ಲೂ ಅರ್ಧದ ತನಕ ಮುಂದೆ ಇರುತ್ತಿದ್ದರು, ಆಮೇಲೆ ಕೆಮ್ಮುತ್ತ ಸೋಲುತ್ತಿದ್ದರು.

ಬೀಳಗಿಯಲ್ಲಿ ಹಾಗೇ ಸೋತ ದಿನ ಅವರ ಊರಿನ ಹಿರಿಯರೊಬ್ಬರನ್ನು ಸಮಾಧಾನ ಮಾಡಲು ಹೋದೆ. “ಬ್ಯಾಸರಾ ಮಾಡ್ಕೋಬ್ಯಾಡ್ರಿ ಯಜಮಾನ್ರ, ಆಟದಾಗ ಸೋಲು ಇದ್ದದ್ದ.”

ಅವರು ಮೀಸೆಯ ಮೇಲೆ ಕೈಯಾಡಿಸಿದರು. “ನಮಗ್ಯಾಕ್ರಿ ಬ್ಯಾಸರ? ನಾವು ರಬಕವಿ ಮಂದಿ. ನಾವು ಗೆದ್ದೀವಿ. ಸೋತಾವರು ಅಗೋ, ಅಲ್ಲಿ ಕುಂತಾರ ನೋಡ್ರಿ, ಬನಹಟ್ಟಿಯವರು.”

ಸೋಲಿಸಪ್ಪಾ ದೇವರೇ

ಲೀಗಿನ ಕಡೆಯ ಪಂದ್ಯ ಮುಧೋಳದಲ್ಲಿ, ನಮಗೂ ಅವರಿಗೂ. ಜಮಖಂಡಿಯವರು ನಮ್ಮೂರಿಗೆ ಬರುವಾಗ ಬಸ್ಸು ಕೆಟ್ಟು, ಊಟ ತಪ್ಪಿ, ಸೋತು ಹಿಂದೆ ಬಿದ್ದಿದ್ದರು. ನಾವಿಬ್ಬರೇ ಸಮಸಮವಾಗಿ ಮೇಲೆ ಉಳಿದಿದ್ದೆವು; ಫೈನಲ್ ನಮ್ಮಿಬ್ಬರದೇ ಎಂಬುದು ಖರೆ ಆಗಿತ್ತು. ನನಗೆ ಜೀವ ಬಂದ ಹಾಗಾಗಿತ್ತು. ಆ ಫೈನಲ್ ಒಂದು ಗೆದ್ದರೆ ಹುಡುಗರು ನಮ್ಮ ಮನೆಯಲ್ಲೇ ಉಳಿಯುತ್ತಾರೆ.

ಆಗ ಕೋಚ್ ಲೀಗಿನ ಕಾಯ್ದೆ ಬಿಡಿಸಿ ಹೇಳಿದ. ಮೊದಲ ಸ್ಥಾನಕ್ಕೆ ಬಂದವರ ಊರಲ್ಲೇ ಫೈನಲ್. ಅಂದರೆ ಈ ಪಂದ್ಯ ಗೆದ್ದವರು ಫೈನಲ್ ದಿನ ಮನೆಯಲ್ಲಿ ಬಡಿಸಬೇಕು. ಬಡಿಸಿದವರು ಸೋಲುತ್ತಾರೆ.

“ಅಂದ್ರ ಇವತ್ತ ನಾವು ಸೋಲಬೇಕ್ರಿ,” ಅಂದ ಕೋಚ್, ಅಳುವ ದನಿಯಲ್ಲಿ.

ನಾನು ಮುಧೋಳದ ಬೀರೇಶ್ವರನ ಗುಡಿಗೆ ಹೋದೆ. ಕಾಯಿ ಒಡೆಸಿ, “ಇವತ್ತೊಂದ ದಿನ ನಮ್ಮನ್ನ ಸೋಲಸಪಾ” ಎಂದು ಬೇಡಿಕೊಂಡೆ. ಪೂಜಾರಿ ನನ್ನ ಮುಖ ನೋಡಿದ.

“ಯಜಮಾನ್ರ, ತಡಾ ಮಾಡಿದ್ರಿ. ನಿಮ್ಮ ಬೀಗರು ನಸುಕಿನ್ಯಾಗ ಬಂದು ಇದ ಹರಕಿ ಹೊತ್ತ ಹೋದ್ರು.”

ಅಂಥ ಪಂದ್ಯವನ್ನು ಜನ ಎಲ್ಲೂ ನೋಡಿರಲಿಕ್ಕಿಲ್ಲ. ನಮ್ಮವರು ಚೆಂಡನ್ನು ಅವರ ಕೈಗೆ ಕೊಡುವುದು, ಅವರು “ನೀವ ತಗೋರಿ” ಎಂಬಂತೆ ತಿರುಗಿ ನಮಗೆ ಕೊಡುವುದು. ರೆಫರಿ ಸೀಟಿ ಊದಿ ಊದಿ ಸುಸ್ತಾದ. ಕಡೆಗೆ ಚೆಂಡು ನಮ್ಮ ಪಂಜಾಬಿ ಹುಡುಗನ ಕೈಗೆ ಸಿಕ್ಕಿತು. ತಪ್ಪಲೇಬೇಕೆಂದು ಆತ ಕಣ್ಣು ಮುಚ್ಚಿ, ಬುಟ್ಟಿಗೆ ಬೆನ್ನು ಮಾಡಿ, ತಲೆಯ ಮೇಲಿಂದ ಹಿಂದಕ್ಕೆ ಎಸೆದ. ಚೆಂಡು ಹಲಗೆಗೆ ಬಡಿದು ನೆಟ್ಟಗೆ ಬುಟ್ಟಿಯೊಳಗೆ ಬಿತ್ತು.

ಮುಧೋಳದ ಜನ ಎದ್ದು ಕುಣಿದರು. ಗೆದ್ದ ನಮ್ಮ ಹುಡುಗರು ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಪೂಜಾರಿಯ ಮಾತು ನೆನೆಯುತ್ತ ಬಸ್ ಹತ್ತಿದೆ. ಅಂದು ಪೂಜೆ ಬೇಗ ಮುಗಿಸಿ ಹೊರಡಬೇಕಿತ್ತು.

ಬೀಗರ ಮಂದಿ

ಫೈನಲ್ ದಿನ ಬೆಳಿಗ್ಗೆಯೇ ಕೋಚ್ ನನ್ನ ಕಾಲು ಹಿಡಿದ. “ಇವತ್ತೊಂದ ದಿನ ಅವರಿಗೆ ಬರೇ ಚಾ ಕೊಡ್ರಿ.” ಒಳಗೆ ಒಲೆ ಹತ್ತಿಯಾಗಿತ್ತು.

ಮುಧೋಳದವರು ಬಂದರು. ನಾನು ಕೈ ಮುಗಿದು ಪಂಕ್ತಿ ತೋರಿಸಿದರೆ ಬೀಗರು ಕೂಡಲಿಲ್ಲ.

“ಬೀಗ್ರ, ತಂಡಾ ಮಾರತಾರಂತ ಸೊಸಿ ಹೇಳಿದ್ಳು. ಹೇಳಿ ಅತ್ಳು. ಇವತ್ತ ನಿಮ್ಮ ಹುಡುಗರು ಮೊದಲ ಉಣ್ಣಲಿ. ನಾವ ಬಡಸ್ತೀವಿ.”

“ಎಲ್ಲೆರ ಉಂಟೇನ್ರಿ! ಬೀಗರ ಕೈಲೆ ಬಡಿಸಿಕೊಂಡ್ನಂತ ಊರ ಮಂದಿ ನಗತಾರ. ಕೂಡ್ರಿ.”

“ನೀವ ಕೂಡ್ರಿ.”

“ಸೌಟ ಬಿಡ್ರಿ ಬೀಗ್ರ.”

“ನೀವ ಬಿಡ್ರಿ.”

ಇಬ್ಬರೂ ಸೌಟು ಎಳೆದಾಡುತ್ತಿರುವಾಗ ಹೊತ್ತು ಏರಿತು. ಕಡೆಗೆ ನಮ್ಮ ಮನೆಯವರು ಬಂದು ಸೌಟು ಕಸಿದುಕೊಂಡರು. “ಎರಡೂ ಮಂದಿ ಒಂದ ಸಲಕ ಕೂಡ್ರಿ. ಹೆಣ್ಮಕ್ಕಳು ಬಡಸ್ತೀವಿ.” ಎರಡೂ ತಂಡ ಎದುರುಬದುರು ಕೂತವು. ರೆಫರಿಗಳನ್ನೂ ಕೂಡಿಸಿದೆವು. ಎಲ್ಲರೂ ಒಂದೇ ಹದಕ್ಕೆ ಉಂಡು ಒಟ್ಟಿಗೆ ಎದ್ದರು. ನನಗೆ ಸಮಾಧಾನವಾಯಿತು. ಇನ್ನು ಆಟ ಹೇಗೆ ಆಗುತ್ತದೋ ಹಾಗಾಗಲಿ, ಧರ್ಮ ತಪ್ಪಲಿಲ್ಲ ಎಂದುಕೊಂಡೆ.

ಅಷ್ಟು ನಿಧಾನದ ಆಟ ಮತ್ತೊಂದಿಲ್ಲ. ಸೀಟಿ ಊದಲು ರೆಫರಿಗೂ ಉಸಿರು ಸಾಲುತ್ತಿರಲಿಲ್ಲ. ಹೀಗೇ ಕಡೆಯ ಗಳಿಗೆ ಬಂತು. ಮುಧೋಳ ಒಂದೇ ಒಂದು ಪಾಯಿಂಟ್ ಮುಂದೆ. ಚೆಂಡು ನಮ್ಮ ಪಂಜಾಬಿ ಹುಡುಗನ ಕೈಲಿ, ಆತ ಬುಟ್ಟಿಯ ಕೆಳಗೆ. ಎದುರಿಗಿದ್ದ ಮುಧೋಳದ ಒಬ್ಬನೇ ಒಬ್ಬ ಆಟಗಾರ ತಡೆಯಲು ಹಾರಿದವನು, ಹೊಟ್ಟೆಯ ಭಾರಕ್ಕೆ ಜಾರಿ ಕೆಳಗೆ ಬಿದ್ದ. ಈಗ ಅಡ್ಡ ಯಾರೂ ಇಲ್ಲ. ಕೈ ಎತ್ತಿ ಚೆಂಡನ್ನು ಬುಟ್ಟಿಯಲ್ಲಿ ಇಟ್ಟರೆ ಆಯಿತು. ಕಪ್ ನಮ್ಮದು, ತಂಡ ನಮ್ಮದು, ಹುಡುಗ ನಮ್ಮವನು. ನಾನು ಎದ್ದು ನಿಂತೆ.

ಆತ ಚೆಂಡನ್ನು ನೆಲದ ಮೇಲಿಟ್ಟ. ಬಾಗಿದ. ಬಿದ್ದವನ ಎರಡೂ ರಟ್ಟೆ ಹಿಡಿದು ಎಬ್ಬಿಸಿ, ಅವನ ಮೈಗೆ ಹತ್ತಿದ ಧೂಳು ಜಾಡಿಸಿದ. ಸೀಟಿ ಬಿತ್ತು. ಆಟ ಮುಗಿಯಿತು.

ಕೋಚ್ ಓಡಿ ಹೋಗಿ ಅವನ ಅಂಗಿ ಹಿಡಿದು ಜಗ್ಗಿದ. “ಯಾಕಲೇ? ಯಾಕ ಹಾಕಲಿಲ್ಲ?”

ಹುಡುಗ ಬೆವರು ಒರೆಸಿಕೊಂಡು ತನಗೆ ಬಂದ ಕನ್ನಡದಲ್ಲಿ ಹೇಳಿದ: “ಬೀಗರ ಮಂದಿ ಸರ್. ಬೀಗರು ಬಿದ್ರ ನೋಡ್ಕೋತ ನಿಂದರಬಾರ್ದು. ಅವ್ವ ಹೇಳ್ಯಾಳ.”

ಬೈಯಬೇಕೆಂದು ನಾನೂ ಹತ್ತಿರ ಹೋಗಿದ್ದೆ. ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈಗೆ ಕೊಟ್ಟೆ. ಬೀಗರು ಕಪ್ ಹಿಡಿದುಕೊಂಡು ಬಂದು, “ನೀವ ಇಟ್ಕೋರಿ ಬೀಗ್ರ, ನಮ್ಮಲ್ಲಿ ಇಡಾಕ ಜಾಗಾ ಇಲ್ಲ” ಎಂದು ನನ್ನ ಕೈಗೆ ತುರುಕಿದರು. ನಾನು ಬೇಡ ಅಂದೆ. ಅವರು ಮತ್ತೆ ತುರುಕಿದರು. ಸಾಹುಕಾರರು ದೂರ ನಿಂತು ನೋಡಿ, “ಕಾಕಾ, ಮಾತಂದ್ರ ಮಾತು” ಎಂದರು, ನನ್ನ ಮುಖ ನೋಡದೆ.

ತಂಡ ಕೊಳ್ಳಲು ಬಂದವರು ಅಲ್ಲೇ ಇದ್ದರು. ದಕ್ಷಿಣದ ಕಡೆಯವರು, ಮೃದು ಮಾತಿನ ಮನುಷ್ಯ. ಆಟವೆಲ್ಲ ನೋಡಿ ಗಾಬರಿಯಾಗಿದ್ದರು. ಆಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಕಾಗದ ಮುಂದಿಟ್ಟುಕೊಂಡು, ಪೆನ್ನು ತೆರೆದು, ಮತ್ತೆ ಮುಚ್ಚಿ, ನನ್ನನ್ನು ಪಕ್ಕಕ್ಕೆ ಕರೆದರು.

“ಸರ್, ಒಂದು ವಿಷಯ ಸರಿಯಾಗಿ ಹೇಳಿಬಿಡಿ. ಈ ಉದ್ದನೆಯ ಹುಡುಗನಿಗೆ ನಮ್ಮ ಲೀಗಿನ ಊರುಗಳಲ್ಲಿ ಎಲ್ಲಾದರೂ ಬೀಗರು ಇದ್ದಾರಾ?”

ಹುಡುಗ ಅತ್ತ ಬಾಗಿಲ ಬಳಿ ನಿಂತು ನಮ್ಮ ಮನೆಯವರಿಂದ ಬುತ್ತಿ ಕಟ್ಟಿಸಿಕೊಳ್ಳುತ್ತಿದ್ದ. ನಾನು ಅವನ ಕಡೆ ನೋಡಿದೆ.

“ಇಲ್ರಿ,” ಅಂದೆ. “ನಿಮ್ಮ ಕಡೆ ಅವಗ ಯಾರೂ ಇಲ್ಲ.”

“ಸದ್ಯ!” ಎಂದು ಉಸಿರು ಬಿಟ್ಟು ಅವರು ಸಹಿ ಹಾಕಿದರು.