ಬಾಗಿಲ ಹೊರಗೆ ನಿಂತು ಸಂಬಳ ಏರಿಸಿಕೊಂಡವರಿಗೆ

ನಮ್ಮ ಪುರಸಭೆಯ ಹನ್ನೊಂದು ಮಂದಿ ಸನ್ಮಾನ್ಯ ಸದಸ್ಯರಿಗೆ, ಮಾರುಕಟ್ಟೆಯ ಸೊಪ್ಪಿನ ಸಾಲಿನ ಅಜ್ಜಿ ಮಾಡುವ ಹನ್ನೊಂದು ನಮಸ್ಕಾರಗಳು.

ಮಾನ್ಯರೇ,

ಮೊದಲು ಮೇಜಿನ ಮೇಲಿಂದ ಕಾಲು ಇಳಿಸಿ ನೆಟ್ಟಗೆ ಕೂತು ಓದಿ. ಅರ್ಧಕ್ಕೇ ಆಕಳಿಸಿ ಪಕ್ಕದವರ ಕೈಗೆ ದಾಟಿಸುವುದು, "ಏನಂತೆ, ನೀನೇ ನೋಡಿ ಹೇಳಿಬಿಡಪ್ಪ" ಎನ್ನುವುದು, ಆಮೇಲೆ ಕಾಗದದ ಮೇಲೆ ಚಹಾದ ಲೋಟ ಇಡುವುದು, ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು ಬರೆದ ಪತ್ರವಿದು. ಓದುವುದಕ್ಕೆ ತಮಗೂ ಕಷ್ಟವಾಗಲಾರದು.

ತಮ್ಮ ಸಂಬಳ ಎರಡರಷ್ಟಾದ ಸಂತೋಷದ ಸುದ್ದಿಯನ್ನು ನಾನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿ ಬರಲಿಲ್ಲ. ಅದು ಹುಟ್ಟುವ ಹೊತ್ತಿನಲ್ಲಿ ನಾನು ಸಭೆಯ ಕೋಣೆಯ ಹೊರಗೆ, ಒಂದು ಕಾಲು ಗಿಡ್ಡವಾದ ಬೆಂಚಿನ ಮೇಲೆ, ಬೀಳದ ಹಾಗೆ ಗೋಡೆಗೆ ಒರಗಿ ಕೂತಿದ್ದೆ. ಅರ್ಜಿ ಹಿಡಿದು ಬಂದದ್ದು ಮಾರುಕಟ್ಟೆಯ ಹೆಂಗಸರ ಶೌಚಾಲಯದ ವಿಷಯಕ್ಕೆ. ಅದನ್ನು ತೊಳೆಯುತ್ತಿದ್ದ ಹೆಂಗಸಿಗೆ ಕೂಲಿ ಕೊಡಲು ಪುರಸಭೆಯಲ್ಲಿ ದುಡ್ಡಿಲ್ಲವೆಂದು ತಾವು ಬೀಗ ಜಡಿಸಿದಿರಲ್ಲ, ಅದೇ. ಅಂದಿನಿಂದ ನಮ್ಮ ಸಾಲಿನ ಹೆಂಗಸರು ಬೆಳಗಿನಿಂದ ಸಂಜೆಯ ತನಕ ನೀರು ಮುಟ್ಟುವುದಿಲ್ಲ. ನನ್ನ ಸೊಸೆಯೂ ಮುಟ್ಟಲಿಲ್ಲ. ಸೊಸೆಯ ಮೇಲೆ ನನಗೆ ಅಂಥ ಮುದ್ದೇನೂ ಇಲ್ಲ, ಅಡುಗೆಗೆ ಉಪ್ಪು ಹಾಕುವುದನ್ನು ಇವತ್ತಿಗೂ ಕಲಿತಿಲ್ಲ. ಆದರೆ ಜ್ವರ ಬಂದು, ಸೊಂಟ ಹಿಡಿದುಕೊಂಡು, ಮೂತ್ರಕ್ಕೆ ಹೋದಾಗಲೆಲ್ಲ ಹಲ್ಲು ಕಚ್ಚಿ ಅಳುವವಳನ್ನು ನೋಡಿಕೊಂಡು ಸುಮ್ಮನಿರುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: "ಚೆನ್ನಾಗಿ ನೀರು ಕುಡೀಬೇಕಮ್ಮ, ಇಲ್ಲಾಂದ್ರೆ ಮೂತ್ರಪಿಂಡಕ್ಕೇ ಬರುತ್ತೆ." ಸೊಸೆ ತಲೆಯಾಡಿಸಿದಳು. ಹೊರಗೆ ಬಂದು ನನ್ನನ್ನು ಕೇಳಿದಳು, "ಕುಡಿದು ಎಲ್ಲಿಗೆ ಹೋಗಲಿ ಅತ್ತೆ?" ಆ ಪ್ರಶ್ನೆಯನ್ನು ತಮಗೆ ತಲುಪಿಸಲೆಂದೇ ನಾನು ಆ ಬೆಂಚಿನ ಮೇಲೆ ಕೂತಿದ್ದು.

ಅಷ್ಟರಲ್ಲಿ ಬಾಗಿಲು ತೆರೆದು ತಮ್ಮಲ್ಲೊಬ್ಬರು ಹೊರಗೆ ಬಂದು ನಿಂತರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆ ಬಂತು, ಅವರು ಹೋದರು, ಇನ್ನೊಬ್ಬರು ಬಂದು ನಿಂತರು. ಪಾಪ, ಶಾಲೆಯ ಮಕ್ಕಳ ಹಾಗೆ ಇವರನ್ನು ಯಾರು ಹೊರಗೆ ಹಾಕುತ್ತಿದ್ದಾರೆಂದು ಜವಾನನನ್ನು ಕೇಳಿದೆ. "ಅವರವರ ಸಂಬಳದ ಮಾತು ಬಂದಾಗ ಅವರವರು ಒಳಗಿರಬಾರದು ಅಜ್ಜಿ, ಕಾನೂನು," ಎಂದ. ಎಂಥ ಚಂದದ ಕಾನೂನು! ತನ್ನ ಸಂಬಳಕ್ಕೆ ತಾನೇ ಕೈ ಎತ್ತುವ ನಾಚಿಕೆಗೇಡಿತನ ಯಾರಿಗೂ ಬೇಡವೆಂದು ಒಬ್ಬರು ಹೊರಗೆ ನಿಲ್ಲುವುದು, ಉಳಿದ ಹತ್ತು ಮಂದಿ ಒಳಗೆ ಅವರ ಪರವಾಗಿ ಕೈ ಎತ್ತುವುದು, ಆಮೇಲೆ ಅವರು ಒಳಗೆ ಹೋಗಿ ಮುಂದಿನವರ ಋಣ ತೀರಿಸುವುದು. ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸರ ಹಾಗೆ ಒಬ್ಬರು ಸೂರು ನೋಡಿದರು, ಒಬ್ಬರು ಉಗುರು ಕಡಿದರು. ಒಳಗೆ ಯಾರಿಗೂ ನೋವಿರಲಿಲ್ಲ ಎನ್ನುವುದೊಂದೇ ವ್ಯತ್ಯಾಸ. ತಮ್ಮೆಲ್ಲರಿಗಿಂತ ಹಿರಿಯರು, ಬಿಳಿ ಮೀಸೆಯವರು, ಆ ಬಿಡುವನ್ನೂ ವ್ಯರ್ಥ ಮಾಡಲಿಲ್ಲ. ಎದುರಿಗೇ ಇದ್ದ ತಮ್ಮ ಶೌಚಾಲಯದ ಬೀಗ ತೆಗೆದು ಒಳಗೆ ಹೋದರು, ಕರೆ ಬಂದದ್ದೇ ತಡ ಕೈ ಒರೆಸಿಕೊಳ್ಳುತ್ತ ಸಭೆಗೆ ಓಡಿದರು. ಅಷ್ಟು ಹೊತ್ತು ತಡೆದುಕೊಂಡು ಕೂತಿದ್ದ ನಾನೂ ಎದ್ದೆ. ಜವಾನ ಅಡ್ಡ ಬಂದು, "ಅದು ಸದಸ್ಯರಿಗೆ ಮಾತ್ರ ಅಜ್ಜಿ, ನನಗೂ ಇಲ್ಲ," ಎಂದ.

ಹನ್ನೊಂದನೆಯವರ ಸಂಬಳ ಏರಿದ ಮೇಲೆ ನಮ್ಮ ಅರ್ಜಿಯ ಸರದಿ ಬಂತಂತೆ. ದುಡ್ಡಿನ ಕೊರತೆಯಿಂದ ಮುಂದಕ್ಕೆ ಹಾಕಲಾಗಿದೆ ಎಂದರು. ಬೆಳಗ್ಗೆ ಇಲ್ಲದ ದುಡ್ಡು ಮಧ್ಯಾಹ್ನ ತಮಗೆ ಮಾತ್ರ ಕಂಡು, ಸಂಜೆ ಮತ್ತೆ ಮಾಯವಾಗಿದ್ದಕ್ಕೆ ತಮ್ಮ ಕಣ್ಣಿನ ಚುರುಕನ್ನು ಎಷ್ಟು ಹೊಗಳಿದರೂ ಸಾಲದು.

ತಮ್ಮ ವಿದ್ಯೆಯನ್ನು ನಾವೂ ಮಾರನೆಯ ದಿನ ಮಾರುಕಟ್ಟೆಯಲ್ಲಿ ಪ್ರಯೋಗಿಸಿದೆವು. ನಿಂಬೆಹಣ್ಣಿನವಳು ಕಂಬದ ಆಚೆ ಹೋಗಿ ನಿಂತಳು, ನಾವೆಲ್ಲ ಕೈ ಎತ್ತಿ ಅವಳ ಸಂಪಾದನೆ ಎರಡರಷ್ಟು ಮಾಡಿದೆವು. ಆಮೇಲೆ ಈರುಳ್ಳಿಯವಳು, ಆಮೇಲೆ ನಾನು. ಮೀನಿನವಳು, "ನಂದು ಮೂರರಷ್ಟು ಮಾಡ್ರೇ, ನಾನು ಎಲ್ಲರಿಗಿಂತ ದೂರ ಹೋಗಿ ನಿಂತಿದ್ದೆ," ಎಂದು ಜಗಳ ತೆಗೆದಳು, ಅದನ್ನೂ ಮಾಡಿಕೊಟ್ಟೆವು. ಮೊದಲ ಗಿರಾಕಿ ಬರುವ ತನಕ ನಾವೆಲ್ಲ ಸಾಹುಕಾರರೇ. ಅವನು ಬಂದು ಹೊಸ ಬೆಲೆ ಕೇಳಿ, "ಯಾರನ್ನು ಕೇಳಿ ಏರಿಸಿದ್ರಿ?" ಎಂದು ನಕ್ಕು ಹೋದ. ಕೊಡುವವರನ್ನು ಕೇಳಬೇಕೆಂಬುದು ನಮಗೆ ಹೊಳೆದಿರಲಿಲ್ಲ. ತಾವೂ ಕೇಳಲಿಲ್ಲ, ಆದರೆ ನಮ್ಮ ಗಿರಾಕಿ ಎದ್ದು ಹೋಗಬಲ್ಲ, ತಮ್ಮ ಗಿರಾಕಿಗಳಾದ ನಾವು ಎಲ್ಲಿಗೆ ಹೋಗೋಣ?

ತಮಗೆ ಸಂಬಳವೇ ಬೇಡವೆನ್ನುವಷ್ಟು ಕಲ್ಲುಮನಸ್ಸು ನನ್ನದಲ್ಲ. ಬಿಟ್ಟಿ ದುಡಿಯಿರಿ ಎಂದರೆ ಮನೆಯಲ್ಲಿ ದುಡ್ಡು ಕೊಳೆಯುತ್ತಿರುವವರು ಮಾತ್ರ ಆ ಕುರ್ಚಿಗೆ ಬರುತ್ತಾರೆ, ನಮ್ಮ ಈರುಳ್ಳಿಯವಳು ಎಂದಿಗೂ ಬರಲಾರಳು. ನನ್ನ ವಿನಂತಿ ಸಣ್ಣದು. ತಮ್ಮ ಕಾನೂನನ್ನೇ ಪೂರ್ತಿ ಪಾಲಿಸಿ. ಸಂಬಳದ ಮಾತು ಬಂದಾಗ ಹನ್ನೊಂದು ಮಂದಿಯೂ ಒಟ್ಟಿಗೇ ಹೊರಗೆ ಬನ್ನಿ, ಬೆಂಚು ಸಾಲದಿದ್ದರೆ ನಮ್ಮ ಗೋಣಿಚೀಲ ಹಾಸಿಕೊಡುತ್ತೇವೆ. ಒಳಗೆ ನಾವು ಕೂರುತ್ತೇವೆ. ಅಳತೆಯನ್ನೂ ಈಗಲೇ ತಿಳಿಸಿಬಿಡುತ್ತೇನೆ: ಪ್ರತಿಯೊಬ್ಬರೂ ಒಂದು ದಿನ ನನ್ನ ಸೊಸೆಯ ಜಾಗದಲ್ಲಿ ಸೊಪ್ಪಿನ ಬುಟ್ಟಿಯ ಹಿಂದೆ ಕೂರಬೇಕು, ಡಾಕ್ಟರಮ್ಮ ಹೇಳಿದಷ್ಟು ನೀರು ಕುಡಿಯಬೇಕು, ದೀಪ ಹತ್ತುವ ತನಕ ಏಳಕೂಡದು. ಹಾಗೆ ಕೂತು ತೋರಿಸಿದವರಿಗೆ ಎರಡರಷ್ಟೇನು, ನಾಲ್ಕರಷ್ಟಕ್ಕೆ ನಾನೇ ಎರಡೂ ಕೈ ಎತ್ತುತ್ತೇನೆ. ನಡುವೆ ಎದ್ದು ಓಡಿದವರು ಹಳೆಯ ಸಂಬಳ ತೆಗೆದುಕೊಂಡು, ಏರಿದ ಪಾಲನ್ನು ಶೌಚಾಲಯ ತೊಳೆಯುವವಳ ಕೂಲಿಗೆ ಬಿಟ್ಟುಕೊಡಲಿ. ಒಬ್ಬರ ಪಾಲೇ ಸಾಕಾಗುತ್ತದೆ. ಉಳಿದ ಹತ್ತು ಮಂದಿಯದರಲ್ಲಿ ಆ ಶೌಚಾಲಯದ ಗೋಡೆಗೆ ಸುಣ್ಣ ಹೊಡೆಸೋಣ.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ. ಪರಿಶೀಲಿಸುತ್ತೇವೆ ಎಂದು ಬರೆಯಬೇಡಿ, ಬೀಗ ತೆಗೆದಿದ್ದೇವೆ ಎಂದು ಬರೆಯಿರಿ.

ತಮ್ಮ ಮೇಲೆ ವಿಶ್ವಾಸ ಉಳಿದಿಲ್ಲದಿದ್ದರೂ ಬರೆಯುವ ಪದ್ಧತಿಗಾಗಿ ತಮ್ಮ ವಿಶ್ವಾಸಿ,
ಗಿಡ್ಡಕಾಲಿನ ಬೆಂಚಿನ ಅಜ್ಜಿ

ತಾ.ಕ.: ಬಿಳಿ ಮೀಸೆಯ ಸದಸ್ಯರು ಅವಸರದಲ್ಲಿ ತಮ್ಮ ಶೌಚಾಲಯದ ಬೀಗದ ಕೈಯನ್ನು ಬಾಗಿಲಲ್ಲೇ ಮರೆತಿದ್ದರು. ಕಳ್ಳಕಾಕರ ಪಾಲಾಗದಿರಲೆಂದು, ಜವಾನ ತಮಗೆ ಚಹಾ ತರಲು ಹೋದ ಹೊತ್ತಿನಲ್ಲಿ ಬಾಗಿಲಿಗೆ ಭದ್ರವಾಗಿ ಬೀಗ ಹಾಕಿ, ಆ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ತಂದಿದ್ದೇನೆ. ಮಾರುಕಟ್ಟೆಯ ಬಾಗಿಲು ತೆರೆದ ದಿನ ತಮ್ಮದೂ ತೆರೆಯುತ್ತದೆ. ಅಲ್ಲಿಯ ತನಕ ತಮ್ಮ ಸಭೆಗಳು ಚಿಕ್ಕವಾಗಿಯೇ ನಡೆಯಲಿ, ಚಹಾ ಸ್ವಲ್ಪ ಕಡಿಮೆ ಕುಡಿಯಿರಿ.